ಗುರುದೇವಿ ತಡಮಾಡಿದ ಒಂದು ದಿನ

ಹುಬ್ಬಳ್ಳಿಯಲ್ಲಿ ನರ್ಸ್ ಆಗಿದ್ದ ಗುರುದೇವಿ, ಶಿಕಾಗೋ ಸೀಮೆಗೆ ಬಂದ ಮೇಲೆ ಮತ್ತೆ ಪರೀಕ್ಷೆ ಬರೆದು, ಮನೆಮನೆಗೆ ಹೋಗಿ ಗಾಯಗಳಿಗೆ ಡ್ರೆಸ್ಸಿಂಗ್ ಮಾಡುವ ಕೆಲಸ ಹಿಡಿದಿದ್ದರು. ದಿನಕ್ಕೆ ಅರವತ್ತು ಮೈಲಿ ಓಡಾಟ. ಒಂಬತ್ತು ವರ್ಷದಲ್ಲಿ ಅವರ ಕಣ್ಣು ಪಳಗಿತ್ತು.

೨೦೦೩ರ ಬೇಸಿಗೆಯಲ್ಲಿ ಅವರ ಪಾಲಿಗೆ ಬಂದವರು ನಜೀರ್. ಬಿಜಾಪುರದ ಕಡೆಯವರು, ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ ಲಾರಿ ಟೈರುಗಳ ಅಂಗಡಿ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಪಾದಗಳನ್ನು ಜೋಮು ಹಿಡಿಸಿತ್ತು. ಶೂನೊಳಗೆ ಬಿದ್ದ ಒಂದು ನಟ್ ದಿನವಿಡೀ ಎಡಗಾಲ ಹೆಬ್ಬೆರಳ ಬುಡವನ್ನು ಒತ್ತಿ ಗಾಯ ಮಾಡಿದ್ದರೂ ಅವರಿಗೆ ತಿಳಿದಿರಲಿಲ್ಲ.

ಆರು ವಾರದಲ್ಲಿ ಮೂರು ಸೆಂಟಿಮೀಟರಿನ ಗಾಯ ಒಂದೂವರೆಗೆ ಇಳಿಯಿತು. ಆದರೂ ಆ ಗುರುವಾರ ಗುರುದೇವಿಗೆ ಸಮಾಧಾನವಾಗಲಿಲ್ಲ. ಬಾಯಿ ಕೂಡುತ್ತಿದ್ದ ಗಾಯದ ಒಳಗಿನಿಂದ ತೆಳುವಾಗಿ ಏನೋ ಒಸರುತ್ತಿತ್ತು. ಕಂದು ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲವೆಂದು ಎರಡೂ ಪಾದಗಳಿಗೆ ಅಂಗೈ ಹಿಂಬದಿ ಹಚ್ಚಿ ನೋಡಿದರು. ಎಡಗಾಲು ಬಿಸಿ. ಸಣ್ಣ ಸಲಾಕೆಯನ್ನು ಗಾಯದೊಳಗೆ ಮೆಲ್ಲಗೆ ಇಳಿಸಿದಾಗ ತುದಿಗೆ ಗಟ್ಟಿಯಾದದ್ದೇನೋ ತಾಕಿತು. ಮೂಳೆಯೇ? ಹಾಗಿದ್ದರೆ ಸೋಂಕೂ ಅಲ್ಲಿಯವರೆಗೆ ಇಳಿದಿರಬಹುದು. ಮತ್ತೊಮ್ಮೆ ಇಳಿಸಿದರೆ ತಾಕಲೇ ಇಲ್ಲ.

ಡಾಕ್ಟರಿಗೆ ಫೋನ್ ಮಾಡಿದರು. ಗಾಯ ಚಿಕ್ಕದಾಗಿದೆ, ಜ್ವರವಿಲ್ಲ, ಕಳೆದ ತಿಂಗಳ ಎಕ್ಸ್‌ರೇ ಚೆನ್ನಾಗಿದೆ, ಅದೇ ಡ್ರೆಸ್ಸಿಂಗ್ ಮುಂದುವರಿಯಲಿ ಎಂಬ ಉತ್ತರ ಬಂತು.

"ಆದ್ರೂ ಇವತ್ತ ಆಸ್ಪತ್ರಿಗೆ ಹೋಗೂದು ಚಲೋ ರೀ, ಭಾಯ್" ಎಂದರು ಗುರುದೇವಿ.

"ಬ್ಯಾಡ್ರಿ ಅಕ್ಕಾರ. ರವಿವಾರ ಡೆಟ್ರಾಯಿಟ್‌ನ್ಯಾಗ ಅನಮ್‌ದು ನಿಕಾಹ್ ಐತಿ. ಅಡ್ಮಿಟ್ ಮಾಡ್ಕೊಂಡ್ರ ಬಿಡ್ತಾರೇನ್ರಿ? ಇರೂದು ಒಬ್ಬಾಕಿ ಮಗಳು. ಸೋಮವಾರ ನಾನಾ ಹೋಗ್ತೀನಿ."

"ಡಾಕ್ಟರೇ ಏನಿಲ್ಲ ಅಂದಾರಲ್ರಿ" ಎಂದು ಅವರ ಹೆಂಡತಿ ಚಾಂದ್ ಬೀ ದನಿಗೂಡಿಸಿದರು.

ಗುರುದೇವಿ ಸೋತರು. ಎರಡನೇ ಸಲ ತಾಕಲಿಲ್ಲವಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಎದ್ದರು.

ಮರುದಿನ ಲೈಲ್ ಎಂಬ ಊರಿನಲ್ಲಿ ಬೇರೊಬ್ಬರಿಗೆ ಬ್ಯಾಂಡೇಜ್ ಸುತ್ತುತ್ತಿದ್ದಾಗಲೂ ಮನಸ್ಸು ಆ ಪಾದದಲ್ಲೇ ಸಿಕ್ಕಿಕೊಂಡಿತ್ತು. ಉಳಿದ ಭೇಟಿಗಳನ್ನು ಮುಂದೂಡಿ ನಜೀರ್ ಮನೆಗೆ ಹೋದರು. ಅಲ್ಲಿ ಸೂಟ್‌ಕೇಸುಗಳು ಸಿದ್ಧವಾಗಿದ್ದವು. ಕಾಲು ಹಿಮ್ಮಡಿಯವರೆಗೆ ಊದಿತ್ತು, ಸಕ್ಕರೆ ಮುನ್ನೂರೆಂಬತ್ತು. ಜ್ವರ ಮಾತ್ರ ಆಗಲೂ ಇರಲಿಲ್ಲ. ಈ ಸಲ ಅವರು ಯಾರನ್ನೂ ಕೇಳದೆ ಆಂಬುಲೆನ್ಸ್ ಕರೆದರು.

ಸೋಂಕು ಮೂಳೆಗೆ ಇಳಿದಿತ್ತು. ಶನಿವಾರ ಹೆಬ್ಬೆರಳನ್ನೂ ಅದರ ಹಿಂದಿನ ಮೂಳೆಯನ್ನೂ ತೆಗೆದರು. ಇನ್ನೆರಡು ದಿನ ಬಿಟ್ಟಿದ್ದರೆ ಕಾಲೇ ಹೋಗುತ್ತಿತ್ತು ಎಂದರು ಸರ್ಜನ್. ಗುರುವಾರವೇ ಬಂದಿದ್ದರೆ ಬೆರಳು ಉಳಿಯುತ್ತಿತ್ತೇ ಎಂದು ಗುರುದೇವಿ ಕೇಳಿದರು.

"ಉಳಿಯಬಹುದಿತ್ತು. ಹೇಳೋಕಾಗಲ್ಲ" ಎಂದರು ಅವರು.

ನಜೀರ್ ಮಗಳ ನಿಕಾಹ್ ಅನ್ನು ಆಸ್ಪತ್ರೆಯ ಹಾಸಿಗೆಯಿಂದ ಫೋನಿನಲ್ಲಿ ಕೇಳಿಸಿಕೊಂಡರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಅವರು ಮನೆಗೆ ಬಂದ ಮೇಲೆ ಡ್ರೆಸ್ಸಿಂಗ್‌ಗೆ ಮತ್ತೆ ಗುರುದೇವಿಯೇ ಹೋದರು. ಚಾಂದ್ ಬೀ ಬಾಗಿಲು ತೆರೆದು ಒಳಗೆ ಹೋಗಿಬಿಡುತ್ತಿದ್ದರು. ಮೂರನೇ ವಾರ ತಡೆಯಲಾರದೆ ಅಂದರು: "ನಾವು ಬ್ಯಾಡ ಅಂದ್ರೂ ನೀವು ಅವತ್ತ ಎಳಕೊಂಡು ಹೋಗಬೇಕಿತ್ರಿ. ನಮಗೇನ ತಿಳೀತದ?"

"ಹೌದ್ರಿ, ಹೋಗಬೇಕಿತ್ತು" ಎಂದರು ಗುರುದೇವಿ. ಕೈಗವಸು ಹಾಕಿಕೊಂಡು ನಜೀರ್ ಅವರ ಕಾಲ ಬಳಿ ಕುಳಿತು, ನಿಧಾನವಾಗಿ ಪಟ್ಟಿ ಬಿಚ್ಚತೊಡಗಿದರು.