ಟಬ್ಬಿನಲ್ಲಿ ಕಾಣದ ಅಲುಗಾಟ

ಮೊನ್ನೆ ಹುಮನಾಬಾದ ಬಸ್ ಸ್ಟ್ಯಾಂಡಿನ ಎದುರಿನ ಗಾಡಿಯಲ್ಲಿ ಉದ್ದನೆಯ ಖರಬೂಜ ಹಣ್ಣೊಂದನ್ನು ಎತ್ತಿ ಮೂಸಿದೆ. ಒಳ್ಳೆಯ ವಾಸನೆ. ಕೈಯಲ್ಲಿ ಹೊರಳಿಸಿ ನೋಡುತ್ತಿದ್ದಂತೆ ಮೈ ಉರಿದುಹೋಯಿತು. ಇಷ್ಟು ಸುಲಭದ ಉತ್ತರವನ್ನು ನಮ್ಮ ಫಿಸಿಕ್ಸ್ ಸರ್ ಯಾಕೆ ಹೇಳಲಿಲ್ಲ?

ಸರ್ ಬಸವಕಲ್ಯಾಣದ ಕಾಲೇಜಿನಲ್ಲಿದ್ದರು. ಪುಸ್ತಕದಲ್ಲಿ ಪರಮಾಣುವಿನ ನ್ಯೂಕ್ಲಿಯಸ್ಸನ್ನು ಯಾವಾಗಲೂ ಗೋಲಿಯಂತೆ ಬರೆದಿರುತ್ತಾರಲ್ಲ, ಅದನ್ನು ಕಂಡರೆ ಅವರಿಗಾಗುತ್ತಿರಲಿಲ್ಲ. ಭಾರವಾದ ನ್ಯೂಕ್ಲಿಯಸ್‌ಗಳಲ್ಲಿ ಎಷ್ಟೋ ಉದ್ದಕ್ಕಿರುತ್ತವೆ; ಗಾಮಾ ಕಿರಣ ತಾಗಿದರೆ ಒಳಗಿನ ಪ್ರೋಟಾನ್‌ಗಳೆಲ್ಲ ಒಂದು ಕಡೆ, ನ್ಯೂಟ್ರಾನ್‌ಗಳೆಲ್ಲ ಇನ್ನೊಂದು ಕಡೆ ತೂಗಾಡುತ್ತವೆ ಎನ್ನುತ್ತಿದ್ದರು. ಒಂದು ದಿನ ದುಂಡನೆಯ ಪರಾತ, ಉದ್ದನೆಯ ಟಬ್ಬು ತಂದು ನೀರು ತುಂಬಿ ಅಲುಗಾಡಿಸಿದರು. ಪರಾತದಲ್ಲಿ ಎತ್ತ ತಳ್ಳಿದರೂ ನೀರಿಗೆ ಒಂದೇ ವೇಗ. ಟಬ್ಬಿನಲ್ಲಿ ಉದ್ದಕ್ಕೆ ನಿಧಾನ, ಅಡ್ಡಕ್ಕೆ ಚುರುಕು. ಮುಂದಿನ ಬೆಂಚಿನವರೆಲ್ಲ ತೊಯ್ದುಹೋದೆವು...

"ನ್ಯೂಕ್ಲಿಯಸ್ ಯಾರ ಕಣ್ಣಿಗೂ ಕಾಣಂಗಿಲ್ಲ. ಹ್ಯಾಂಗ ಅಲುಗಾಡತದ ಅನ್ನೋದರ ಮ್ಯಾಲೇ ಅದರ ಆಕಾರ ತಿಳಕೋಬೇಕು," ಎಂದರು.

ಉದ್ದನೆಯ ನ್ಯೂಕ್ಲಿಯಸ್ಸು ಗಾಮಾ ಕಿರಣವನ್ನು ಎಷ್ಟು ಹೀರುತ್ತದೆ ಎಂಬ ಗ್ರಾಫ್ ಎಂದು ಬೋರ್ಡಿನ ಮೇಲೆ ಎರಡು ದಿಬ್ಬ ಬರೆದರು. ನಿಧಾನದ ತೂಗಾಟಕ್ಕೆ ಸಣ್ಣ ದಿಬ್ಬ, ಚುರುಕಿನದಕ್ಕೆ ಅದರ ಇಮ್ಮಡಿ. ಇಮ್ಮಡಿ ಯಾಕೆ ಎಂದು ಕೇಳಿದೆ. ಟಬ್ಬಿನಲ್ಲೇ ನೋಡು ಎಂದರು. ಎಷ್ಟು ದಿನ ಮನೆಯಲ್ಲಿ ಟಬ್ಬು ಅಲುಗಾಡಿಸಿದೆನೋ, ಅವ್ವನ ಬೈಗುಳವೊಂದು ಬಿಟ್ಟು ಏನೂ ಸಿಗಲಿಲ್ಲ. ಎಂ.ಎಸ್ಸಿ ಸೀಟಿನ ಸಂದರ್ಶನದಲ್ಲಿ ನಾನೇ ಬಡಾಯಿಯಿಂದ ಈ ವಿಷಯ ಎತ್ತಿದೆ. ಸಂದರ್ಶಕರು ದಿಬ್ಬ ಇಮ್ಮಡಿ ಯಾಕೆ ಎಂದೇ ಕೇಳಿದರು. ತೊದಲಿದೆ. ಸೀಟು ಹೋಯಿತು.

ನೇರ ಸರ್ ಮನೆಗೆ ಹೋದೆ. ಈಗಲಾದರೂ ಹೇಳಿ ಎಂದು ಗೋಗರೆದೆ. ಅವರು ಚಹಾದ ಬಸಿ ಕೆಳಗಿಟ್ಟು, "ಟಬ್ಬು ಪೂರಾ ನೋಡಿಲ್ಲ ನೀ," ಎಂದರು. ಎದ್ದು ಬಂದುಬಿಟ್ಟೆ.

ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಮೊನ್ನೆ ಕೈಯಲ್ಲಿ ಹೊರಳಿಸಿದ ಖರಬೂಜಕ್ಕೆ, ಉದ್ದನೆಯ ನ್ಯೂಕ್ಲಿಯಸ್ಸಿನ ಹಾಗೆಯೇ, ಉದ್ದ ಒಂದೇ. ಅಡ್ಡ ಮಾತ್ರ ಎರಡು: ಎಡಬಲಕ್ಕೊಂದು, ಮೇಲೆಕೆಳಗೆ ಇನ್ನೊಂದು. ಚುರುಕಿನ ತೂಗಾಟಕ್ಕೆ ಎರಡು ದಾರಿ, ಅದಕ್ಕೇ ದಿಬ್ಬ ಇಮ್ಮಡಿ. ಟಬ್ಬಿನ ನೀರು ಮೇಲೆಕೆಳಗೆ ತೂಗಾಡದು, ಅದಕ್ಕೆ ಅಡ್ಡ ಒಂದೇ. ಆ ಉತ್ತರ ಟಬ್ಬಿನಲ್ಲಿ ಇರಲೇ ಇಲ್ಲ! ಈ ಟಬ್ಬು ಸಾಲದು ಎಂದು ನಾನೇ ಹೇಳಲಿ ಅಂತ ಸರ್ ಕಾದಿದ್ದರೇ? ಅಥವಾ ಅವರಿಗೂ ಅದು ಹೊಳೆದಿರಲಿಲ್ಲವೇ...

"ತಗೋತೀರೇನ್ರಿ, ಇಲ್ಲಾ ಬರೀ ಹೊಳ್ಳಿಸಿ ನೋಡ್ತೀರಿ?" ಎಂದ ಗಾಡಿಯವ.

ತೆಗೆದುಕೊಂಡೆ. ಎದುರಿಗೇ ಬಸವಕಲ್ಯಾಣದ ಬಸ್ಸು ನಿಂತಿತ್ತು. ಹತ್ತಿ ಹೋಗಿ ಜಗಳ ಆಡೋಣವೆಂದರೆ ಸರ್ ಈಗ ಬದುಕಿಲ್ಲ.