ಪಕ್ಕದ ಮನೆಯಾಕೆ ಮತ್ತು ಆಕೆಯ ಮರಿಗಳು

ಆಕೆಯ ಸ್ವೆಟರ್‌ಗಳ ಬಲತೋಳಿನ ಅಂಚೆಲ್ಲ ನೂಲು ನೂಲಾಗಿ ಜೋತುಬಿದ್ದಿರುತ್ತಿತ್ತು. ಹಲ್ಲು ಬರುವ ನಾಯಿಮರಿಗಳು ಕಚ್ಚಿ ಎಳೆದ ಗುರುತು. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದ ಆಕೆ ಕರಾವಳಿಯವರು, ನಿವೃತ್ತ ನರ್ಸ್. ಅಂಧರಿಗೆ ದಾರಿ ತೋರುವ ನಾಯಿಗಳನ್ನು ಸಿದ್ಧಪಡಿಸುವ ಒಂದು ಸೇವಾ ಸಂಸ್ಥೆಗಾಗಿ ಮರಿಗಳನ್ನು ಸಾಕುತ್ತಿದ್ದರು. ಸುಮಾರು ಒಂದು ವರ್ಷ ಬಸ್ಸು, ಮೆಟ್ಟಿಲು, ಜನಸಂದಣಿ ಎಲ್ಲವನ್ನೂ ರೂಢಿ ಮಾಡಿಸಿ, ಮುಂದಿನ ತರಬೇತಿಗೆ ಬಿಟ್ಟುಕೊಡುವುದು. “ಬೇಜಾರಾಗುವುದಿಲ್ವಾ?” ಎಂದು ಕೇಳಿದ್ದೆ. “ಆಗ್ತದೆ. ಅಷ್ಟರಲ್ಲಿ ಇನ್ನೊಂದು ಬಂದು ಕಾರ್ಪೆಟ್ ಒದ್ದೆ ಮಾಡ್ತದೆ,” ಎಂದರು.

ಆಗಲೇ ನನ್ನ ದೃಷ್ಟಿ ಅಂಚುಗಳಿಂದ ಕುಗ್ಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದವನು ನಾನು; ಪ್ರತಿ ವಸ್ತುವಿಗೂ ಒಂದು ಜಾಗ. ಆ ಶಿಸ್ತಿನ ಮರೆಯಲ್ಲಿ ಕುರುಡುತನವನ್ನು ಅಡಗಿಸಿಟ್ಟಿದ್ದೆ. “ಹೊತ್ತಿಗೆ ಸರಿಯಾಗಿ ನಡೆಯುವವರು ನೀವು. ಮರಿಗೆ ನಿಮ್ಮ ಜತೆ ನಡೆದು ಅಭ್ಯಾಸವಾಗಲಿ,” ಎಂದು ಆಕೆ ದಿನವೂ ಬೆಳಿಗ್ಗೆ ನನ್ನನ್ನು ಕರೆದೊಯ್ಯುತ್ತಿದ್ದರು. ಉಪಕಾರ ಮಾಡುತ್ತಿರುವವನು ನಾನೇ ಎಂದುಕೊಂಡಿದ್ದೆ.

ನಮ್ಮ ಕನ್ನಡದವರು ಬಾಡಿಗೆ ಹಾಲ್‌ನಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದರು. ಮರಿಗೆ ಗದ್ದಲ ರೂಢಿಯಾಗಲೆಂದು ಆಕೆ ಸಮಿತಿಯನ್ನು ಕೇಳಿಕೊಂಡು, ಚಪ್ಪಲಿ ಬಿಡುವ ಪಡಸಾಲೆಯಲ್ಲಿ ಅದರೊಂದಿಗೆ ಕೂತಿದ್ದರು. ನಾನು ಎಂದಿನಂತೆ ಸಾಲಿನ ಎಡತುದಿಯಲ್ಲಿ ಶೂ ಬಿಟ್ಟು ಒಳಗೆ ಹೋದೆ. ತಡವಾಗಿ ಬಂದವರು ತಮ್ಮದಕ್ಕೆ ಜಾಗ ಮಾಡಲು ಅದನ್ನು ಸರಿಸಿದ್ದಿರಬೇಕು. ಪ್ರಸಾದ ತಿಂದು ಬಂದವನು ಎಡತುದಿಯಲ್ಲಿ ಕಾಲಿಗೆ ಸಿಕ್ಕಿದ್ದನ್ನು ತೊಟ್ಟು ಹೊರಟೆ.

“ಏನ್ರೀ, ಒಂದು ಕಾಲಿಗೆ ನನ್ನ ಶೂ, ಇನ್ನೊಂದಕ್ಕೆ ಯಾರ್ದೋ. ಕಣ್ಣು ಕಾಣಲ್ವಾ ನಿಮಗೆ?” ಎಂದರು ಸಮಿತಿಯ ಡಾಕ್ಟರು. ತಮಾಷೆಗೇ ಅಂದದ್ದು. ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು.

“ಅಯ್ಯೋ, ಇದು ಈ ಮರಿಯ ಕೆಲಸ ಮಾರಾಯ್ರೆ,” ಎಂದರು ಆಕೆ. “ಎಲ್ಲಾ ಎಳೆದು ಹಾಕಿದ.”

ಮರಿ ಆಕೆಯ ಕಾಲ ಬಳಿ ಮಲಗಿತ್ತು. ಅದರ ಉಸಿರು ನನಗೆ ಕೇಳುತ್ತಿತ್ತು. “ಹೌದು, ನಾಯೀನೇ ಎಳೆದದ್ದು. ನಾನೇ ನೋಡಿದೆ,” ಎಂದೆ.

“ಇದು ಕುರುಡರಿಗೆ ದಾರಿ ತೋರಿಸುತ್ತಂತಾ?” ಎಂದು ಯಾರೋ ನಕ್ಕರು. ಮುಂದಿನ ಸಲ ನಾಯಿ ಬೇಡಮ್ಮ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಆಕೆ ಒಪ್ಪಿ ತಲೆಯಾಡಿಸಿದರು.

ಬಸ್ಸಿನಲ್ಲಿ ಮನೆಗೆ ಹೊರಟೆವು. ಆಕೆಯೇ ಮಾತೆತ್ತಿದರು: “ಬೈದದ್ದು ಇವನಿಗೆ ಗೊತ್ತಾಗುವುದಿಲ್ಲ ಬಿಡಿ. ಆದರೆ ಅಭ್ಯಾಸಕ್ಕೆ ಅಂಥ ಗದ್ದಲ ಇವನಿಗೆ ಬೇಕಿತ್ತು, ಇನ್ನು ಸಿಗುವುದಿಲ್ಲ.” ಮರಿಯ ಬೆನ್ನು ಸವರುತ್ತ ಮುಂದುವರಿಸಿದರು: “ನಿಮ್ಮ ಕಣ್ಣಿನ ವಿಷಯ ನನಗೆ ಗೊತ್ತುಂಟು. ಚಹಾ ಕೊಟ್ಟಾಗ ಮೊದಲು ಮೇಜು ಸವರ್ತೀರಿ. ನಾನು ಹೇಳುವುದಿಲ್ಲ. ನೀವೇ ಹೇಳಿ, ಆದಾಗ.”

ಇಂದಿನ ಕೆಲಸವನ್ನು ನಾಳೆಗೆ ಉಳಿಸದವನು ನಾನು. ಇದೊಂದನ್ನು ಇಡೀ ಚಳಿಗಾಲ ಮುಂದೂಡಿದೆ. ಅಷ್ಟರಲ್ಲಿ ಆ ಮರಿ ತರಬೇತಿಗೆ ಹೋಗಿ, ಇನ್ನೊಂದು ಬಂದಿತ್ತು. ಕೊನೆಗೆ ಡಾಕ್ಟರಿಗೆ ಫೋನ್ ಮಾಡಿ ಕಣ್ಣಿನ ವಿಷಯ ಹೇಳಿದೆ. “ಮೊದಲೇ ಹೇಳಬಾರದಿತ್ತೇನ್ರೀ,” ಎಂದು ನೊಂದುಕೊಂಡು, ಕ್ಲಿನಿಕ್ಕಿಗೆ ತಾವೇ ಕರೆದೊಯ್ದರು. ಅವರ ಮರುಕ ಹಿತವಾಗಿತ್ತು. ನಾಯಿಯ ಮೇಲೆ ಹೊರಿಸಿದ ಸುಳ್ಳನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ.

ಅದೇ ವರ್ಷ ಆಕೆ ಆಸ್ಪತ್ರೆ ಸೇರಿದರು. ನೋಡಲು ಹೋದಾಗ ನನ್ನ ಬಿಳಿ ಕೋಲನ್ನು ಮುಟ್ಟಿ ನೋಡಿ, “ಒಳ್ಳೇದಾಯ್ತು. ಇನ್ನು ನೀವು ರಸ್ತೆ ದಾಟುವಾಗ ನನಗೆ ಹೆದರಿಕೆ ಇಲ್ಲ,” ಎಂದರು. ಮರಿಯನ್ನು ಮತ್ತೆ ಹಾಲ್‌ಗೆ ಬಿಡುತ್ತಾರೆಯೇ ಎಂದು ಆಕೆ ಕೇಳಲಿಲ್ಲ. ನಾನೂ ಆ ಮಾತೆತ್ತಲಿಲ್ಲ. ಆಕೆ ಮನೆಗೆ ಮರಳಲಿಲ್ಲ. ಕೊನೆಯ ಮರಿಯನ್ನು ಸಂಸ್ಥೆಯವರು ಬಂದು ಕರೆದೊಯ್ದರು.

ಈ ಯುಗಾದಿಯ ಊಟಕ್ಕೆ ಮೊದಲು ಎಲ್ಲರೂ ಆಕೆಯನ್ನು ನೆನೆದು ಒಳ್ಳೆಯ ಮಾತಾಡಿದರು. ನನ್ನ ಸರದಿ ಬಂದಾಗ ಎದ್ದು ನಿಂತು, “ಅವತ್ತು ಪೂಜೆಯಲ್ಲಿ ನಾಯಿ ಯಾರ ಚಪ್ಪಲಿಯನ್ನೂ ಮುಟ್ಟಿರಲಿಲ್ಲ. ನನಗೇ ಶೂ ಕಂಡಿರಲಿಲ್ಲ,” ಎಂದೆ.

“ಅಯ್ಯೋ, ಅದೆಲ್ಲಾ ಈಗ್ಯಾಕೆ, ಕೂತ್ಕೊಳ್ಳಿ,” ಎಂದರು ಡಾಕ್ಟರು, ಪ್ರೀತಿಯಿಂದಲೇ. ಯಾರೋ ಎಲೆ ಹಾಕತೊಡಗಿದರು. ಆ ಮಾತು ಬೇಕಾಗಿದ್ದವರು ಒಬ್ಬರೇ ಇದ್ದರು. ಆಕೆ ಬದುಕಿದ್ದಾಗ ನಾನು ಕೊಟ್ಟದ್ದು ಮೌನ.