ನಾನು ನೋಡದ ಇಬ್ಬರು ನಟಿಯರು

ನನ್ನ ಪಿಎಚ್‌ಡಿ ಪ್ರಬಂಧ ಒಬ್ಬ ಫ್ರೆಂಚ್ ನಟಿಯ ಮೇಲೆ. ಪ್ಯಾರಿಸ್ಸಿನ ರಂಗಭೂಮಿಯಲ್ಲಿ ದಾಸಿಯ ಪಾತ್ರಗಳಿಂದ ಶುರು ಮಾಡಿ ರಾಣಿಯ ಪಾತ್ರಗಳಿಗೆ ಏರಿದವಳು. ಸಿನಿಮಾಕ್ಕೆ ಇನ್ನೂ ಮಾತು ಬಾರದಿದ್ದ ಕಾಲದಲ್ಲಿ, ನಡುವಯಸ್ಸು ದಾಟಿದ ಮೇಲೆ ಕ್ಯಾಮೆರಾ ಮುಂದೆ ನಿಂತವಳು. ಕಟ್ಟಕಡೆಯ ಸಾಲಿನವನಿಗೂ ಕಾಣಲೆಂದು ಎತ್ತಿ ರೂಢಿಯಾಗಿದ್ದ ಅವಳ ಕೈ ಕ್ಯಾಮೆರಾಕ್ಕೆ ತೀರಾ ದೊಡ್ಡದಾಯಿತು. ಚಿತ್ರದಿಂದ ಚಿತ್ರಕ್ಕೆ ಆ ಕೈಯನ್ನು ಇಳಿಸುತ್ತ ಬಂದು, ಕೊನೆಗೆ ಬರೀ ಬೆರಳು ಅಲುಗಿಸಿ ದುಃಖ ತೋರಿಸುವ ಮಟ್ಟಕ್ಕೆ ತಂದಳು ಎಂದು ನಾನು ಇಡೀ ಒಂದು ಅಧ್ಯಾಯ ಬರೆದಿದ್ದೇನೆ. ಆ ಚಿತ್ರಗಳಲ್ಲಿ ಒಂದೂ ಉಳಿದಿಲ್ಲ. ನಾನು ಬರೆದದ್ದೆಲ್ಲ ಹಳೆಯ ಪತ್ರಿಕೆಗಳ ವಿಮರ್ಶೆ ಓದಿ, ನಾಲ್ಕಾರು ಫೋಟೊ ನೋಡಿ.

ಎಲ್ಲಿಯ ನಿಮ್ಮ ಆಂಧ್ರದ ಅನಂತಪುರ, ಎಲ್ಲಿಯ ಪ್ಯಾರಿಸ್ ಎಂದು ಕೇಳುವವರಿಗೆ ನನ್ನ ಹತ್ತಿರ ಒಂದು ಕತೆ ಸಿದ್ಧವಿರುತ್ತಿತ್ತು. ಮಡಕಶಿರಾ ಕಡೆಯ ರತ್ನಗಿರಿ ನನ್ನ ತಾಯಿಯ ತವರು. ಕಡಲೆಕಾಯಿ ಸುಗ್ಗಿ ಮುಗಿದ ಮೇಲೆ ಅಲ್ಲಿನ ಗಂಡಸರು ನಾಟಕ ಆಡುತ್ತಿದ್ದರು. ಊರ ಹೆಂಗಸರು ರಂಗ ಹತ್ತುವಂತಿರಲಿಲ್ಲ, ಹಾಗಾಗಿ ಹೆಣ್ಣು ಪಾತ್ರಕ್ಕೆ ಹೊರಗಿನಿಂದ ನಟಿಯನ್ನು ಕರೆಸುತ್ತಿದ್ದರು. ನಾನು ಚಿಕ್ಕವನಿದ್ದಾಗ ನೋಡಿದ ಒಂದು ನಾಟಕದಲ್ಲಿ ರಾಣಿ ಸತ್ತ ಮಗನ ಮುಂದೆ ನಿಂತು ಅಳಲಿಲ್ಲ. ಎಡಗೈಯನ್ನು ಮೆಲ್ಲಗೆ ಎತ್ತಿ ಅರ್ಧಕ್ಕೇ ನಿಲ್ಲಿಸಿದಳು. ಆ ಕೈಯೇ ನನ್ನನ್ನು ಪ್ಯಾರಿಸ್ಸಿಗೆ ಕರೆದೊಯ್ದದ್ದು. ಸೆಮಿನಾರುಗಳಲ್ಲಿ ಹೀಗೆ ಮಾತು ಶುರು ಮಾಡಿದರೆ ತೂಕಡಿಸುತ್ತಿದ್ದವರೂ ತಲೆಯೆತ್ತುತ್ತಿದ್ದರು.

ಪಾಠ ಹೇಳಲು ರಾಯದುರ್ಗಕ್ಕೆ ಬಂದು ಮನೆ ಮಾಡಿದ ಓಣಿಯಲ್ಲೇ ಆಕೆ ಸಿಕ್ಕರು. ಎಪ್ಪತ್ತರ ಆಸುಪಾಸು. ಗಾರ್ಮೆಂಟಿನಿಂದ ಬಂದ ಜೀನ್ಸ್ ಪ್ಯಾಂಟುಗಳ ರಾಶಿ ಮುಂದಿಟ್ಟುಕೊಂಡು ಹೊಲಿಗೆಯ ಹೆಚ್ಚಿನ ದಾರ ಕತ್ತರಿಸುವ ಕೆಲಸ. ಬೆರಳ ತುದಿ ಯಾವಾಗಲೂ ನೀಲಿ. ಹರೆಯದಲ್ಲಿ ಹಳ್ಳಿ ಹಳ್ಳಿ ತಿರುಗಿ ಪಾತ್ರ ಮಾಡಿದವರು ಎಂದು ಗೊತ್ತಾದ ದಿನವೇ ಹೋಗಿ ಕೇಳಿದೆ, ರತ್ನಗಿರಿಗೆ ಬಂದಿದ್ದಿರಾ ಅಂತ.

"ಬಂದಿದ್ನಿರಿ. ಕೋಟಿ ಗ್ವಾಡಿ ಬುಡಕ್ಕ ಸ್ಟೇಜ್ ಹಾಕ್ತಿದ್ರು."

ಅಷ್ಟು ಸಾಕಾಯಿತು. ನನ್ನ ಕತೆಗೆ ಒಂದು ಮುಖ ಸಿಕ್ಕಿತು. ಹೊರಗಿನಿಂದ ಯಾರಾದರೂ ಮೇಷ್ಟರು ಬಂದರೆ ಆಕೆಯ ಕಟ್ಟೆಗೆ ಕರೆದೊಯ್ದು, ಅರ್ಧಕ್ಕೇ ನಿಂತ ಕೈಯ ಕತೆಯನ್ನು ಆಕೆಯ ಮುಂದೆಯೇ ಹೇಳಿ, "ನಾನು ಹೇಳ್ತಿದ್ದ ರಾಣಿ ಇವರೇ" ಎಂದು ತೋರಿಸುತ್ತಿದ್ದೆ. ಆಕೆ ಕತ್ತರಿ ಕೆಳಗಿಟ್ಟು ಕೈ ಮುಗಿಯುತ್ತಿದ್ದರು. "ಸರ್ರು ಹೊಗಳಿ ಹೊಗಳಿ ನನ್ನ ಬೆಲಿ ಏರಿಸ್ಯಾರ. ದಾರ ಕತ್ತರಿಸೋ ರೇಟು ಮಾತ್ರ ಏರವಲ್ದು." ಎಲ್ಲರೂ ನಗುತ್ತಿದ್ದೆವು.

ಹೋದ ವರ್ಷ ಆಕೆ ಕಲಾವಿದರ ಪಿಂಚಣಿಗೆ ಅರ್ಜಿ ಹಾಕಿದರು. ಕಣ್ಣು ಮಂಜಾಗುತ್ತಿತ್ತು, ದಾರದ ಬದಲು ಬಟ್ಟೆಗೇ ಕತ್ತರಿ ಬೀಳುತ್ತಿತ್ತು, ಗಾರ್ಮೆಂಟಿನವರು ರಾಶಿ ಕಳಿಸುವುದನ್ನು ಕಡಿಮೆ ಮಾಡಿದ್ದರು. ನಾಟಕ ಆಡಿದ್ದಕ್ಕೆ ದಾಖಲೆ ಬೇಕೆಂದರು ಆಫೀಸಿನವರು. ಆಕೆಯ ಹತ್ತಿರ ಫೋಟೊ ಇರಲಿಲ್ಲ. ಹಳೆಯ ಕರಪತ್ರಗಳಿದ್ದವು, ಅವುಗಳಲ್ಲಿ ಪರದೆ ಎಳೆದವನ ತನಕ ಊರ ಗಂಡಸರ ಹೆಸರೆಲ್ಲ ಇತ್ತು, ಕೊನೆಯಲ್ಲಿ 'ಸ್ತ್ರೀ ಪಾತ್ರ ರಾಯದುರ್ಗದವರಿಂದ' ಎಂದಷ್ಟೇ. ನಟಿಯ ಹೆಸರಿನ ಪಕ್ಕ ತಮ್ಮ ಹೆಸರು ಬೇಡ ಎಂದು ಆ ಗಂಡಸರಿಗೆ ಅನ್ನಿಸಿತ್ತೋ ಏನೋ. ರಂಗದ ಮೇಲೆ ಕಣ್ಣಾರೆ ನೋಡಿದ ಇಬ್ಬರು ಬಂದು ಸಾಕ್ಷಿ ಹೇಳಲಿ ಎಂದರು ಆಫೀಸಿನಲ್ಲಿ.

"ಓದಿದೋರು ಒಬ್ರು ಹೇಳಿದ್ರ ಹತ್ತು ಮಂದಿ ಹೇಳಿದಂಗ" ಎಂದು ಆಕೆ ನನ್ನನ್ನೇ ಮೊದಲು ಕರೆದುಕೊಂಡು ಹೋದರು.

ಅಧಿಕಾರಿ ಇನ್ನೂ ಹುಡುಗ. ನನಗೆ ಕುರ್ಚಿ ಕೊಟ್ಟು ತೆಲುಗಿನಲ್ಲಿ ಕೇಳಿದ: "ಮೀರು ಚೂಸಿಂದಿ ಈಮೆನೇನಾ ಸಾರ್?" ನೀವು ನೋಡಿದ್ದು ಇವರನ್ನೇನಾ?

ಯಾರೂ ಕೇಳದೆಯೇ ಎಷ್ಟೋ ವೇದಿಕೆಗಳ ಮೇಲೆ ಉತ್ತರ ಹೇಳಿದ್ದ ಪ್ರಶ್ನೆ. ಆದರೆ ಆ ಕುರ್ಚಿಯಲ್ಲಿ ಕೂತಾಗ ನಾನು ಕಲಿತ ವಿದ್ಯೆಯೆಲ್ಲ ಎದ್ದು ಅಡ್ಡ ನಿಂತಿತು. ಅದು ಎಡಗೈಯೋ ಬಲಗೈಯೋ? ಫ್ರೆಂಚ್ ನಟಿಯ ಒಂದು ಫೋಟೊದಲ್ಲೂ ಎಡಗೈ ಹಾಗೇ ನಿಂತಿದೆ. ಫೋಟೊ ನೋಡಿದ ಮೇಲೆ ನಾನೇ ರಾಣಿಗೆ ಆ ಕೈ ಅಂಟಿಸಿರಬಾರದೇಕೆ? "ಚಿಕ್ಕವನಿದ್ದೆ. ಇರಬಹುದು. ಖಚಿತವಾಗಿ ಹೇಳಲಾರೆ" ಎಂದೆ. ಹೇಳುವಾಗ, ನಾನು ಎಂಥ ಪ್ರಾಮಾಣಿಕ ಎಂಬ ಸಣ್ಣ ಹೆಮ್ಮೆಯೂ ಇತ್ತು. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಧಿಕಾರಿ ಪೆನ್ನಿನ ಕ್ಯಾಪು ಹಾಕಿದ. ತಿಂಗಳೊಳಗೆ ಬೇರೆಯವರನ್ನು ಕರೆತನ್ನಿ, ಇಲ್ಲವಾದರೆ ಅರ್ಜಿ ವಾಪಸ್ ಎಂದ.

ಹೊರಗೆ ಚಹದ ಅಂಗಡಿಯಲ್ಲಿ ಆಕೆ ನನ್ನನ್ನು ಬೈಯಲಿಲ್ಲ. ಲೋಟ ಊದುತ್ತ ಕೇಳಿದರು: "ಸರ, ಆ ಪ್ಯಾರಿಸ್ಸಿನಾಕಿನ್ನ ನೀವು ನೋಡೀರೇನ್ರಿ?"

"ಇಲ್ಲ. ನಾನು ಹುಟ್ಟೋ ಮೊದಲೇ ತೀರಿಕೊಂಡಳು."

"ಆಕಿ ಸಿನಿಮಾನರ?"

"ಒಂದೂ ಉಳಿದಿಲ್ಲ."

"ಮತ್ತ, ಕೈ ಹಿಂಗ ಎತ್ತಿದ್ಲು, ಹಂಗ ಇಳಿಸಿದ್ಲು ಅಂತ ಅಷ್ಟು ದಪ್ಪ ಪುಸ್ತಕ ಹೆಂಗ ಬರದ್ರಿ?"

ನಾನು ಚಹದ ದುಡ್ಡು ಕೊಡಲು ಎದ್ದೆ.

"ಪುಣ್ಯವಂತಿ ಬಿಡ್ರಿ ಆಕಿ" ಎಂದರು. "ಆಕಿಗೆ ಯಾರೂ ಸಾಕ್ಷಿ ಕೇಳಲಿಲ್ಲ."

ಆ ಭಾನುವಾರ ಕಲ್ಯಾಣದುರ್ಗದ ಮೇಲೆ ಬಸ್ಸು ಬದಲಿಸುತ್ತ ಮಡಕಶಿರಾಕ್ಕೆ, ಅಲ್ಲಿಂದ ರತ್ನಗಿರಿಗೆ ಹೋದೆ. ನಾನು ನೋಡಿದ ನಾಟಕದಲ್ಲಿ ರಾಜನ ಪಾತ್ರ ಮಾಡಿದ್ದು ನನ್ನ ಸೋದರಮಾವ. ಎಲ್ಲ ಕೇಳಿ ಮಾವ ತಲೆಯಾಡಿಸಿದ.

"ಆ ವರ್ಷ ಅವ್ಳಲ್ಲ ಕಣೋ ಅಳಿಯ. ಡಿ. ಹಿರೇಹಾಳಿನೋಳು ಒಬ್ಬಳು, ಕುಳ್ಳಿ. ಅವ್ಳು ಸತ್ತೇ ಎಷ್ಟೋ ವರ್ಷ ಆಯ್ತು."

"ಎಲ್ಲರೂ ರಾಯದುರ್ಗದೋಳು ಅಂತಿದ್ರಲ್ಲ ಮಾವ?"

"ಯಾರು ಬಂದ್ರೂ ಹಂಗೇ ಅಂತಿದ್ವಿ. ಪೇಟೆಯೋಳು ಅಂದ್ರೆ ಜನ ಸೇರೋರು. ನೀನು ಹೇಳೋ ಆಯಮ್ಮ ಬಂದಿದ್ದು ಆಮೇಲಿನ ನಾಟಕಗಳಿಗೆ. ನೀನಾಗ ಹಾಸ್ಟೆಲ್ನಾಗಿದ್ದೆ. ನಾನು ಮಾತು ಮರ್ತಾಗ ತಿರುಗಿ ನಿಂತ್ಕೊಂಡು ಹೇಳ್ಕೊಟ್ಟೋಳು ಅವ್ಳು."

ಹುಣಸೆ ಬೀಜ ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. "ನನ್ನ ಕಟ್ಕೊಂಡಿದ್ದು ಯಾವ ವರ್ಷ ಅಂತ ಕೇಳು, ಗೊತ್ತಿಲ್ಲ ನಿಮ್ಮಾವಂಗೆ. ಇದೆಲ್ಲ ನೆನಪೈತೆ."

"ಸುಮ್ನಿರೇ. ನಾಳೆ ಹೋಗಿ ಹೇಳ್ಬತ್ತೀನಿ."

"ಹೋಗು ಹೋಗು. ಒಗೆದ ಪಂಚೆ ಉಟ್ಕೊಂಡೋಗು. ರಾಜ ಅಂದ್ರೆ ನಂಬಬೇಕಲ್ಲ."

ನನ್ನ ಸಂಶಯವೇ ನಿಜವಾಗಿತ್ತು. ಒಂದು ಗಳಿಗೆ ಗೆದ್ದೆ ಅನ್ನಿಸಿತು. ಆ ಗಳಿಗೆಯ ಬಗ್ಗೆಯೂ ನನಗೆ ನಾಚಿಕೆಯಿದೆ. ನಾನು ನಿಜವಾಗಿ ನೋಡಿದ ಹೆಂಗಸು ಸತ್ತಿದ್ದಳು, ಅವಳು ಇದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ನಾನು ವರ್ಷಗಟ್ಟಲೆ ಎಲ್ಲರಿಗೂ ತೋರಿಸಿದ ಹೆಂಗಸನ್ನು ರಂಗದ ಮೇಲೆ ನೋಡಿಯೇ ಇರಲಿಲ್ಲ.

ಮರುದಿನ ರಾಯದುರ್ಗದ ಬಸ್‌ಸ್ಟ್ಯಾಂಡಿಗೆ ಆಕೆ ಬಂದಿದ್ದರು. ಮಾವ ಇಳಿದವನೇ ಹಿರೇಹಾಳಿನವಳ ಸುದ್ದಿಯನ್ನೂ ಸೇರಿಸಿ ಎಲ್ಲ ಒದರಿಬಿಟ್ಟ. ಆಕೆ ಹೂಂ ಎಂದರು, ಅಷ್ಟೇ. ಆಫೀಸಿನಲ್ಲಿ ಮಾವ, ಈಕೆ ನನ್ನ ಜೊತೆ ಎರಡು ನಾಟಕದಲ್ಲಿ ರಾಣಿ ಮಾಡಿದ್ದಾರೆ ಎಂದು ಎದೆಯುಬ್ಬಿಸಿ ಹೇಳಿದ. ಇನ್ನೊಬ್ಬ ಸಾಕ್ಷಿ ಯಾರು ಎಂದು ಅಧಿಕಾರಿ ನನ್ನ ಕಡೆ ನೋಡಿದ. ಆಕೆ ನನ್ನನ್ನು ನೋಡಲಿಲ್ಲ.

"ಚೂಶಾನು" ಎಂದೆ. ನೋಡಿದ್ದೇನೆ.

ನೋಡಿರಬಹುದು ಎಂದುಕೊಂಡಿದ್ದಾಗ ಬಾರದ ಮಾತು, ನೋಡಿಲ್ಲ ಎಂದು ಗೊತ್ತಾದ ಮೇಲೆ ಬಂದಿತ್ತು. ಜೊತೆಗೆ ಆಡಿದವನೇ ಬಂದು ಹೇಳಿದ್ದರಿಂದಲೋ ಏನೋ, ಅಧಿಕಾರಿ ನನ್ನ ಹಿಂದಿನ ಮಾತನ್ನು ಕೆದಕದೆ ಬರೆದುಕೊಂಡು ನಮ್ಮಿಬ್ಬರ ಸಹಿ ತೆಗೆದುಕೊಂಡ. ಅರ್ಜಿ ಮುಂದಕ್ಕೆ ಹೋಯಿತು.

ಮೆಟ್ಟಿಲು ಇಳಿಯುವಾಗ ಆಕೆ ಹೇಳಿದರು: "ಮಾತು ಚಲೋ ಬಂತ್ರಿ ಸರ. ಆದ್ರ ಸುಳ್ಳು ಹೇಳೋ ಮುಂದ ಕೈ ಕಿಸೇದಾಗ ಇಡಬಾರದ್ರಿ. ನೋಡೋರಿಗೆ ಗೊತ್ತಾಗತೈತಿ." ಮಾವ ಗಹಗಹಿಸಿ ನಕ್ಕ. ಆಕೆ ನಗಲಿಲ್ಲ. "ಕೈ ಅರ್ಧಕ್ಕ ನಿಲ್ಲಿಸೋದು ಹಿರೇಹಾಳಿನಾಕಿದು. ಬ್ಯಾರೆ ಯಾರಿಗೂ ಬರ್ತಿರಲಿಲ್ಲ. ನಾ ಪೂರಾ ಎತ್ತತಿದ್ದೆ."

ಹಾಗಾದರೆ ನನ್ನ ನೆನಪಿನ ಕೈ ನಿಜ. ಸುಳ್ಳಾಗಿದ್ದು ಅದಕ್ಕೆ ನಾನು ಹಚ್ಚಿದ ಮುಖ.

"ನಿಮಗೆ ಮೊದಲೇ ಗೊತ್ತಿತ್ತು. ಯಾಕೆ ಹೇಳಲಿಲ್ಲ?"

"ನೀವು ಎಲ್ಲಿ ಕೇಳಿದ್ರಿ?" ಎಂದರು ಆಕೆ. "ನೀವು ಹೇಳ್ತಿದ್ರಿ."